ಪತ್ತೇದಾರಿ ಕಾದಂಬರಿಯ ಒಡಲಲ್ಲಿ ಸಮಾಜ ವಿಮರ್ಶೆ

ಪ್ರಶ್ನೆ

ಡ್ಯಾಶಿಯಲ್ ಹ್ಯಾಮೆಟ್‌ನ 'ರೆಡ್ ಹಾರ್ವೆಸ್ಟ್' (1929) ಕಾದಂಬರಿಯನ್ನು ಈಗಷ್ಟೇ ಓದಿ ಮುಗಿಸಿದೆ. ಗಣಿ ಕಂಪನಿಯ ಒಡೆಯ ಕಾರ್ಮಿಕರ ಮುಷ್ಕರವನ್ನು ಮುರಿಯಲು ಗೂಂಡಾಗಳನ್ನು ಕರೆಸುತ್ತಾನೆ. ಮುಷ್ಕರ ಮುರಿಯುತ್ತದೆ, ಬಂದವರು ಮಾತ್ರ ಊರನ್ನೇ ಹಂಚಿಕೊಂಡು ಅಲ್ಲಿಯೇ ನೆಲೆಯೂರುತ್ತಾರೆ. ಪರ್ಸನ್‌ವಿಲ್ ಎಂಬ ಆ ಊರಿಗೆ 'ಪಾಯ್ಸನ್‌ವಿಲ್', ಅಂದರೆ ವಿಷದೂರು, ಎಂಬ ಅಡ್ಡಹೆಸರು ಬಿದ್ದಿದೆ. ಇಷ್ಟು ಕಟುವಾದ ವಿಮರ್ಶೆ ಪತ್ತೇದಾರಿ ಪ್ರಕಾರದ ಒಡಲಿನಿಂದಲೇ ಹುಟ್ಟಿದ್ದೇ, ಅಥವಾ ಸಾಲುಸಾಲು ಕೊಲೆಗಳಿಗೆ ಒದಗಿದ ಹಿನ್ನೆಲೆ ಮಾತ್ರವೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1

ಒಡಲಿನಿಂದಲೇ ಹುಟ್ಟಿದ್ದು ಎಂದು ನಾನು ದೃಢವಾಗಿ ನಂಬುತ್ತೇನೆ. ಕೊಲೆಗಾರ ಸಿಕ್ಕೊಡನೆ ಊರಿಗೆ ನೆಮ್ಮದಿ ಮರಳುತ್ತದೆ ಎಂಬ ಭರವಸೆಯ ಮೇಲೆ ಹಳೆಯ ಪತ್ತೇದಾರಿ ಕಥೆ ನಿಂತಿತ್ತು. ಇಲ್ಲಿ ಪೊಲೀಸ್ ಮುಖ್ಯಸ್ಥನೇ ಗೂಂಡಾಗಳ ಜೊತೆಗಾರನಾಗಿರುವುದರಿಂದ, ಅಪರಾಧಿಯನ್ನು ಹಿಡಿದರೂ ಯಾರ ಕೈಗೆ ಒಪ್ಪಿಸಬೇಕು ಎಂಬುದೇ ತಿಳಿಯದ ಸ್ಥಿತಿಯಿದೆ. ಗುಂಪುಗಳನ್ನು ಒಂದರ ಮೇಲೊಂದು ಎತ್ತಿಕಟ್ಟುವ ಪತ್ತೇದಾರ, ಕೊಲೆಯ ಯೋಜನೆ ತನಗೂ ರುಚಿಸತೊಡಗಿದೆಯೆಂದು ಒಂದು ರಾತ್ರಿ ಕಳವಳದಿಂದ ಒಪ್ಪಿಕೊಳ್ಳುತ್ತಾನೆ. ಕೊನೆಗೆ ಸೈನಿಕರು ಬಂದು ಊರು ತಣ್ಣಗಾದಾಗ, ಅದು ಸೇರುವುದು ಅದೇ ಮುದಿ ಒಡೆಯನ ಕೈಯನ್ನು. ಹ್ಯಾಮೆಟ್ ಸ್ವತಃ ಪಿಂಕರ್ಟನ್ ಪತ್ತೇದಾರಿ ಸಂಸ್ಥೆಯಲ್ಲಿ ದುಡಿದವನು. ಮುಷ್ಕರ ಮುರಿಯಲು ಮಾಲೀಕರಿಗೆ ಆಳುಗಳನ್ನು ಒದಗಿಸುವುದರಲ್ಲಿ ಆ ಸಂಸ್ಥೆ ಹೆಸರಾಗಿತ್ತು ಎಂಬುದನ್ನು ನೆನೆದು ಓದಿದರೆ ಪುಟಗಳು ಇನ್ನಷ್ಟು ಭಾರವಾಗುತ್ತವೆ.

ಉತ್ತರ 2

ಲೇಖಕನ ಉದ್ಯೋಗವನ್ನು ಸಾಕ್ಷಿಗೆ ಕರೆಯುವ ಅಗತ್ಯವಿಲ್ಲ; ಕೃತಿಯೇ ಸಾಕು. ವಾಲ್ಟರ್ ಮೋಸ್ಲಿಯ 'ಡೆವಿಲ್ ಇನ್ ಎ ಬ್ಲೂ ಡ್ರೆಸ್' (1990) ನೋಡಿ. 1948ರ ಲಾಸ್ ಏಂಜಲೀಸ್‌ನಲ್ಲಿ, ಕಪ್ಪು ಜನ ಸೇರುವ ಬಾರಿಗೆ ಬಿಳಿಯನೊಬ್ಬ ಕಾಲಿಡುವುದೇ ಅದರ ಮೊದಲ ಅಚ್ಚರಿ. ಯುದ್ಧದಿಂದ ಮರಳಿದ ಈಜಿ ರಾಲಿನ್ಸ್, ವಿಮಾನ ಕಾರ್ಖಾನೆಯ ಕೆಲಸ ಕಳೆದುಕೊಂಡು, ಮನೆ ಸಾಲದ ಕಂತು ಕಟ್ಟುವುದಕ್ಕಾಗಿ ಪತ್ತೇದಾರಿಕೆಗೆ ಇಳಿಯುತ್ತಾನೆ. ಆ ಪುಟ್ಟ ಮನೆಯ ಮೇಲೆ ಅವನಿಗಿರುವ ಪ್ರೀತಿಯನ್ನು ಓದುವಾಗ, ಆಸ್ತಿಯ ಹಕ್ಕು ಎಂಬ ಒಣ ಮಾತಿಗೆ ಜೀವ ಬರುತ್ತದೆ.

ಉತ್ತರ 3

ಪತ್ತೇದಾರಿಯಷ್ಟೇ ಏಕೆ? ಆಕ್ಟೇವಿಯಾ ಬಟ್ಲರ್‌ಳ 'ಕಿಂಡ್ರೆಡ್' (1979) ಕಾಲಪ್ರಯಾಣದ ಕಥೆ. 1976ರ ಕಪ್ಪು ಲೇಖಕಿ ಡೇನಾ, ಗುಲಾಮಗಿರಿಯ ಕಾಲದ ಮೇರಿಲ್ಯಾಂಡ್‌ನ ತೋಟವೊಂದಕ್ಕೆ ಮತ್ತೆ ಮತ್ತೆ ಸೆಳೆಯಲ್ಪಡುತ್ತಾಳೆ. ಅಲ್ಲಿನ ಬಿಳಿಯ ಯಜಮಾನನ ಮಗ ಅವಳದೇ ಪೂರ್ವಜನಾದ್ದರಿಂದ, ತಾನು ಹುಟ್ಟಬೇಕಾದರೆ ಅವಳು ಅವನ ಪ್ರಾಣ ಉಳಿಸಲೇಬೇಕು. ಕಾಲಯಂತ್ರವಿಲ್ಲ, ವಿವರಣೆಯೂ ಇಲ್ಲ. ಅಮೆರಿಕ ಸ್ವಾತಂತ್ರ್ಯದ 200ನೆಯ ವರ್ಷವನ್ನು ಆಚರಿಸುತ್ತಿದ್ದ ಜುಲೈ 4ರಂದು ಅವಳು ಕೊನೆಯ ಬಾರಿ ಮನೆಗೆ ಮರಳುವಾಗ, ಎಡಗೈ ಗೋಡೆಯಲ್ಲಿ ಸಿಕ್ಕಿಕೊಂಡು ಅಲ್ಲಿಯೇ ಉಳಿದುಬಿಡುತ್ತದೆ.