ಅಪ್‌ಡೇಟ್: ಮಿಲ್ಲಿಂಗ್ ಮಷಿನ್ ಈಗ ಸ್ಟೆಪ್ ತಪ್ಪುತ್ತಿಲ್ಲ

ದಾವಣಗೆರೆಯ ನಮ್ಮ ವರ್ಕ್‌ಶಾಪಿನ ಹಳೇ ಮಿಲ್ಲಿಂಗ್ ಮಷಿನ್‌ಗೆ ಲಿನಕ್ಸ್‌ಸಿಎನ್‌ಸಿ (ಪಿಸಿಯಿಂದ ಮಷಿನ್ ಓಡಿಸುವ ಸಾಫ್ಟ್‌ವೇರ್) ಹಾಕಿದ್ದೇವೆ, ಸ್ಪೀಡ್ ಏರಿಸಿದರೆ ಸ್ಟೆಪ್ ತಪ್ಪುತ್ತೆ (ಮೋಟಾರು ಹೇಳಿದಷ್ಟು ತಿರುಗಲ್ಲ) ಅಂತ ಕೇಳಿದ್ದೆನಲ್ಲ, ಅದು ಸರಿಹೋಯಿತು.

ನೀವು ಹೇಳಿದ ಹಾಗೆ ಮೊದಲು ಲೇಟೆನ್ಸಿ ಟೆಸ್ಟ್ (ಪಿಸಿ ಹೇಳಿದ ಹೊತ್ತಿಗೆ ಸರಿಯಾಗಿ ಕೆಲಸ ಮಾಡುತ್ತಾ ಎಂಬ ಪರೀಕ್ಷೆ) ಓಡಿಸಿದೆ. ಕಂಪ್ಯೂಟರನ್ನು ಸುಮ್ನೆ ಬಿಟ್ಟಾಗ ಚೆನ್ನಾಗಿತ್ತು. ವಿಡಿಯೋ ಹಾಕಿ ವಿಂಡೋ ಎಳೆದಾಡಿದ ತಕ್ಷಣ ಜಿಟರ್ (ಆ ಹೊತ್ತಿನಲ್ಲಾಗುವ ಏರುಪೇರು) 80,000 ನ್ಯಾನೋಸೆಕೆಂಡ್ ದಾಟಿತು. ಪ್ಯಾರಲಲ್ ಪೋರ್ಟಿನಿಂದ ಮೋಟಾರನ್ನು ಒಂದೊಂದೇ ಸ್ಟೆಪ್ ತಿರುಗಿಸುವ ಪಲ್ಸ್ ಕೊಡಲು ಇದು ಸುಮಾರು 20,000ದ ಒಳಗಿದ್ದರೆ ಒಳ್ಳೆಯದು. ಪಿಸಿಯ ಬಯೋಸ್ ಸೆಟ್ಟಿಂಗ್‌ನಲ್ಲಿ ಪವರ್ ಸೇವಿಂಗ್ ಆಫ್ ಮಾಡಿದರೂ ಸಾಕಷ್ಟು ಇಳಿಯಲಿಲ್ಲ.

ಕೊನೆಗೆ ಮೆಸಾ ಕಂಪನಿಯ ಈಥರ್ನೆಟ್ ಕಾರ್ಡ್ (ನೆಟ್‌ವರ್ಕ್ ಕೇಬಲ್‌ನಿಂದ ಪಿಸಿಗೆ ಜೋಡಿಸುವ ಕಂಟ್ರೋಲ್ ಬೋರ್ಡ್) ತರಿಸಿದೆ. ಪಲ್ಸ್ ಹುಟ್ಟಿಸುವ ಕೆಲಸ ಅದರ ಎಫ್‌ಪಿಜಿಎ ಚಿಪ್‌ನದು; ಪಿಸಿ ಮಿಲಿಸೆಕೆಂಡಿಗೊಮ್ಮೆ ಲೆಕ್ಕ ಕೊಟ್ಟರೆ ಸಾಕು, ಚೂರು ಏರುಪೇರಾದರೂ ಪಲ್ಸ್ ಕೆಡಲ್ಲ. ಅದೇ ಹಳೇ ಪಿಸಿ, ಅದೇ ಮೋಟಾರು. ಡಯಲ್ ಗೇಜ್ (ಕೂದಲೆಳೆಯಷ್ಟು ಸರಿದರೂ ಮುಳ್ಳಿನಿಂದ ತೋರಿಸುವ ಅಳತೆ ಸಾಧನ) ಇಟ್ಟು ಟೇಬಲ್ಲನ್ನು ಹಿಂದೆ ಮುಂದೆ ಜೋರಾಗಿ ಓಡಿಸಿದೆ, ಮುಳ್ಳು ಸೊನ್ನೆಗೇ ಬಂದು ನಿಂತಿತು. ಎಷ್ಟು ಖುಷಿಯಾಯಿತು ಗೊತ್ತಾ! ದುಡ್ಡು ಜಾಸ್ತಿಯಾದರೂ ಈ ಕಾರ್ಡ್ ಹಾಕಿದ್ದೇ ಸರಿ.

ಟೇಬಲ್ ಕೊನೆ ಮುಟ್ಟಿದಾಗ ನಿಲ್ಲಿಸುವ ಲಿಮಿಟ್ ಸ್ವಿಚ್‌ಗಳ ವೈರಿಂಗ್ ಇನ್ನೂ ಬಾಕಿ ಇದೆ.