‘ಕ್ಲಚ್ ಹಿಡಿ’, ‘ಕ್ಲಚ್ ಬಿಡು’, ‘ಹಾಫ್ ಕ್ಲಚ್’: ಯಾವುದಕ್ಕೆ ಯಾವ ಅರ್ಥ?

ಪ್ರಶ್ನೆ: ಕಾರು ಕಲಿಯುವವರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲಿ ಕಲಿಸುವವರು ‘ಕ್ಲಚ್ ಹಿಡಿ’ ಅಂದರೆ ಪೆಡಲ್ ಒತ್ತು ಎಂದರ್ಥ. ಮೆಕ್ಯಾನಿಕ್ ‘ಕ್ಲಚ್ ಹಿಡೀತಿಲ್ಲ’ ಅಂದರೆ ಅರ್ಥವೇ ಬೇರೆ. ‘ಹಾಫ್ ಕ್ಲಚ್’ ಅಂದಾಗ ಪೆಡಲ್ಲನ್ನು ಅರ್ಧಕ್ಕೆ ತರಬೇಕೆ? ಬರೆಯುವಾಗ ಯಾವ ಪದ ಬಳಸಲಿ?

ಉತ್ತರ: ನೀವು ಗುರುತಿಸಿದ ಗೊಂದಲ ನಿಜ. ಬರೀ ಮಾತಿನ ಗೊಂದಲವೂ ಅಲ್ಲ, ಕಲಿಯುವವರ ಗಾಡಿ ಆಫ್ ಆಗುವುದಕ್ಕೆ ಇದೂ ಒಂದು ಕಾರಣ.

‘ಕ್ಲಚ್ ಹಿಡಿ’ ಅಂದಾಗ ಹಿಡಿಯುವವರು ಚಾಲಕರು. ಬೈಕಿನ ಲಿವರನ್ನು ಕೈಯಲ್ಲಿ ಹಿಡಿಯುತ್ತೇವಲ್ಲ, ಆ ಮಾತೇ ಕಾರಿಗೂ ನಡೆಯುತ್ತಿದೆ. ‘ಕ್ಲಚ್ ಹಿಡಿಯಿತು’ ಅಂದಾಗ ಹಿಡಿಯುವುದು ಕ್ಲಚ್ ಪ್ಲೇಟ್. ಈ ಪ್ಲೇಟ್ ಇರುವುದು ಇಂಜಿನ್ನಿನ ಫ್ಲೈವೀಲ್‌ಗೂ (ಇಂಜಿನ್ ಜೊತೆ ತಿರುಗುವ ಭಾರದ ಚಕ್ರ) ಪ್ರೆಷರ್ ಪ್ಲೇಟ್‌ಗೂ (ಕ್ಲಚ್ ಪ್ಲೇಟನ್ನು ಅದಕ್ಕೆ ಅದುಮುವ ತಟ್ಟೆ) ನಡುವೆ. ಪೆಡಲ್ ಮೇಲೆ ಕಾಲಿಲ್ಲದಾಗ ಸ್ಪ್ರಿಂಗ್ ಮೂರನ್ನೂ ಅದುಮಿ ಒಟ್ಟಿಗೆ ತಿರುಗಿಸುತ್ತದೆ. ಪೆಡಲ್ ಒತ್ತಿದರೆ ಒತ್ತಡ ಹೋಗಿ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ಸಂಬಂಧ ತಪ್ಪುತ್ತದೆ. ಅಂದರೆ ಚಾಲಕ ‘ಹಿಡಿದಾಗ’ ಪ್ಲೇಟ್ ಬಿಡುತ್ತದೆ, ಚಾಲಕ ‘ಬಿಟ್ಟಾಗ’ ಪ್ಲೇಟ್ ಹಿಡಿಯುತ್ತದೆ. ಆದ್ದರಿಂದ ಕಾಲಿನ ಕೆಲಸಕ್ಕೆ ‘ಒತ್ತು’, ‘ಸಡಿಲಿಸು’ ಎಂದೇ ಬರೆಯಿರಿ. ‘ಹಿಡಿ’, ‘ಬಿಡು’ ಎರಡನ್ನೂ ಪ್ಲೇಟಿಗೆ ಮೀಸಲಿಡಿ.

‘ಕ್ಲಚ್ ಬಿಡು’ ಅನ್ನುವುದನ್ನು ಕೈಪಿಡಿಯಿಂದ ತೆಗೆದೇಬಿಡಿ ಅನ್ನುತ್ತೇನೆ. ‘ಬಿಡು’ ಅಂದರೆ ಕೈಬಿಟ್ಟ ಹಾಗೆ, ಒಂದೇ ಸಲಕ್ಕೆ. ಹೊಸಬರು ಅದನ್ನು ಕೇಳಿ ಕಾಲು ಎತ್ತಿಬಿಡುತ್ತಾರೆ. ನಿಂತ ಚಕ್ರಕ್ಕೆ ತಿರುಗುವ ಇಂಜಿನ್ ತಟ್ಟನೆ ಕೂಡಿಕೊಂಡರೆ ಒಂದೋ ಗಾಡಿ ಎಗರುತ್ತದೆ, ಇಲ್ಲವೇ ಇಂಜಿನ್ ಆಫ್ ಆಗುತ್ತದೆ. ‘ಸಡಿಲಿಸುತ್ತಾ ಬನ್ನಿ’ ಅಂದರೆ ಆ ಅವಸರ ಬರುವುದಿಲ್ಲ.

ಇನ್ನು ಹಾಫ್ ಕ್ಲಚ್. ಪೆಡಲ್ಲಿನ ಅರ್ಧ ದಾರಿಗೂ ಇದಕ್ಕೂ ಸಂಬಂಧವಿಲ್ಲ. ಪ್ಲೇಟ್ ಪೂರ್ತಿ ಹಿಡಿಯದೆ, ಪೂರ್ತಿ ಬಿಡದೆ, ಜಾರುತ್ತಲೇ ಬಲ ದಾಟಿಸುವ ಸ್ಥಿತಿಗೆ ಆ ಹೆಸರು. ಅದು ಶುರುವಾಗುವ ಜಾಗ ಒಂದು ಗಾಡಿಯಲ್ಲಿ ಕೆಳಗೆ, ಇನ್ನೊಂದರಲ್ಲಿ ಮೇಲೆ. ಪ್ಲೇಟ್ ಸವೆದಂತೆ ಎಷ್ಟೋ ಗಾಡಿಗಳಲ್ಲಿ ಮೇಲಕ್ಕೆ ಸರಿಯುತ್ತದೆ. ಪದ ಜನರ ಬಾಯಲ್ಲಿ ನೆಲೆಯಾಗಿದೆ, ಬದಲಿಸುವುದು ಬೇಡ. ಆದರೆ ಗುರುತು ಹೀಗೆ ಬರೆಯಿರಿ: ಹಿಮ್ಮಡಿ ನೆಲದ ಮೇಲಿಟ್ಟು ಪೆಡಲ್ ಸಡಿಲಿಸುತ್ತಾ ಬಂದಾಗ ಇಂಜಿನ್ ಸದ್ದು ಸ್ವಲ್ಪ ಭಾರವಾಗುತ್ತದೆ, ಸುಮಾರು 800ರಲ್ಲಿದ್ದ ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕ) ಮುಳ್ಳು ತುಸು ಕೆಳಗಿಳಿಯುತ್ತದೆ, ಗಾಡಿಯಲ್ಲಿ ಸಣ್ಣ ನಡುಕ ಬರುತ್ತದೆ. ಅಲ್ಲಿ ಕಾಲು ನಿಲ್ಲಬೇಕು.

ಸಮತಟ್ಟು ರಸ್ತೆಯಲ್ಲಿ ಪೆಟ್ರೋಲ್ ಗಾಡಿಗೆ ಆಗ 1200ರಿಂದ 1500 ಆರ್‌ಪಿಎಂವರೆಗೆ ರೇಸ್ ಕೊಟ್ಟರೆ ಸಾಕು. ಅನೇಕ ಡೀಸೆಲ್ ಗಾಡಿಗಳು ರೇಸ್ ಇಲ್ಲದೆಯೇ ಹೊರಡುತ್ತವೆ. ಕೈಪಿಡಿಯಲ್ಲಿ ಒತ್ತಿ ಹೇಳಬೇಕಾದ್ದು ಮುಂದಿನ ಘಳಿಗೆ. ಗಾಡಿ ಅಲುಗಿದ ಕೂಡಲೇ ‘ಸದ್ಯ, ಹೊರಟಿತು’ ಎಂದು ಕಾಲು ತೆಗೆಯುತ್ತಾರೆ, ಜರ್ಕ್ ಬರುವುದು ಅಲ್ಲೇ. ಚಕ್ರದ ಕಡೆಯ ವೇಗ ಇಂಜಿನ್ ಕಡೆಯ ವೇಗಕ್ಕೆ ಇನ್ನೂ ಸಮ ಆಗಿರುವುದಿಲ್ಲ. ಕಾಲನ್ನು ಅದೇ ಜಾಗದಲ್ಲಿ ಇನ್ನೊಂದೆರಡು ಸೆಕೆಂಡ್ ಉಳಿಸಿ, ಗಾಡಿ ನಡೆಯುವವರ ವೇಗ ದಾಟಿದ ಮೇಲೆ ಉಳಿದದ್ದನ್ನು ಸಡಿಲಿಸಬೇಕು. ಆಮೇಲೆ ಕಾಲು ಪೆಡಲ್ ಮೇಲೆ ಇರಬಾರದು.

ಇನ್ನೊಬ್ಬರ ಸೇರ್ಪಡೆ: ಮೇಲಿನದೆಲ್ಲ ಒಪ್ಪಿತ. ‘ಅಪ್’ ಪದವನ್ನೂ ಸೇರಿಸಿಕೊಳ್ಳಿ, ಬೆಂಗಳೂರಿನಲ್ಲಿ ಏರು ರಸ್ತೆಗೆ ಹಾಗೇ ಅನ್ನುವುದು. ಹೆಬ್ಬಾಳದ ಫ್ಲೈಓವರ್ ಏರುವಾಗ ಜಾಮಿನಲ್ಲಿ ನಿಂತರೆ, ಹಿಂದಿನ ಗಾಡಿ ಅಂಟಿಕೊಂಡೇ ನಿಂತಿರುತ್ತದೆ. ಅಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಫಸ್ಟ್ ಗೇರಿನಲ್ಲಿ ಸಡಿಲಿಸುತ್ತಾ ಬಂದು, ಸಮತಟ್ಟಿಗಿಂತ ಸ್ವಲ್ಪ ಹೆಚ್ಚು ರೇಸ್ ಕೊಟ್ಟು, ಗಾಡಿ ಮುಂದಕ್ಕೆ ಜಗ್ಗುತ್ತಿದೆ ಅನ್ನಿಸಿದ ಮೇಲಷ್ಟೇ ಹ್ಯಾಂಡ್ ಬ್ರೇಕ್ ಇಳಿಸಬೇಕು. ಬ್ರೇಕ್ ಬದಲು ಹಾಫ್ ಕ್ಲಚ್‌ನಲ್ಲೇ ಗಾಡಿ ನಿಲ್ಲಿಸಿಕೊಳ್ಳುವ ಅಭ್ಯಾಸ ಖಂಡಿತ ಬೇಡ. ಪ್ಲೇಟ್ ಅಷ್ಟು ಹೊತ್ತೂ ಜಾರುತ್ತಾ ಬಿಸಿಯಾಗುತ್ತದೆ, ಸುಟ್ಟ ವಾಸನೆ ಬರುವುದು ಅದಕ್ಕೇ.

ಗ್ಯಾರೇಜಿನ ಮಾತಿಗೂ ಎರಡು ಸಾಲು ಇರಲಿ. ರೇಸ್ ಕೊಟ್ಟರೆ ಸದ್ದು ಏರುತ್ತದೆ, ವೇಗ ಏರುವುದಿಲ್ಲ: ಇದು ‘ಕ್ಲಚ್ ಸ್ಲಿಪ್’, ಅದನ್ನೇ ‘ಹಿಡೀತಿಲ್ಲ’ ಅನ್ನುವುದು. ಪೆಡಲ್ ಪೂರ್ತಿ ಒತ್ತಿದರೂ ಫಸ್ಟ್ ಗೇರ್ ಬೀಳುವುದಿಲ್ಲ, ರಿವರ್ಸ್ ಹಾಕಿದರೆ ಕರಕರ ಸದ್ದು: ಇದು ‘ಕ್ಲಚ್ ಬಿಡ್ತಿಲ್ಲ’. ಎರಡರಲ್ಲೂ ಕರ್ತೃ ಪ್ಲೇಟೇ, ಹಾಗಾಗಿ ಮೇಲೆ ಹೇಳಿದ ನಿಯಮಕ್ಕೆ ಹೊಂದುತ್ತವೆ. ಹಾಗೇ ಬಳಸಬಹುದು.