ತೋಟದ ಏರಿಗೆ ಯಾವ ಎಸ್‌ಯುವಿ?

ಪ್ರಶ್ನೆ: ಸಕಲೇಶಪುರದ ಬಳಿ ನಮ್ಮ ಕಾಫಿ ತೋಟ. ಟಾರು ರಸ್ತೆಯಿಂದ ಮನೆಗೆ ಮಣ್ಣಿನ ದಾರಿ, ನಡುವೆ ಕಡಿದಾದ ಏರು, ತುದಿಯಲ್ಲೇ ತಿರುವು. ಮಳೆಗಾಲದಲ್ಲಿ ಹಳೆಯ ಜೀಪು ಬಿಟ್ಟರೆ ಬೇರೇನೂ ಹತ್ತುವುದಿಲ್ಲ. ಕ್ರೆಟಾ, ಗ್ರ್ಯಾಂಡ್ ವಿಟಾರ ಆಲ್‌ಗ್ರಿಪ್, ಸ್ಕಾರ್ಪಿಯೊ-ಎನ್ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಮಾದರಿ) ನೋಡಿದ್ದೇನೆ. ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ಗಾಡಿಯ ಹೊಟ್ಟೆಗಿರುವ ಎತ್ತರ) ಕ್ರೆಟಾಗೆ 190 ಮಿ.ಮೀ., ವಿಟಾರಕ್ಕೆ 210. ಈ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕೇ?

ಆಫ್-ರೋಡ್ ತರಬೇತುದಾರರ ಉತ್ತರ: ಬೇಡ. ನಿಮ್ಮ ಏರಿನಲ್ಲಿ ಗಾಡಿ ನಿಲ್ಲುವುದು ಹೊಟ್ಟೆ ತಗುಲಿ ಅಲ್ಲ, ಚಕ್ರ ಜಾರಿ. ಕ್ರೆಟಾದಲ್ಲಿ ಎಂಜಿನ್ ಶಕ್ತಿ ಮುಂದಿನ ಎರಡು ಚಕ್ರಗಳಿಗಷ್ಟೇ. ಏರು ಹತ್ತುವಾಗ ಭಾರ ಹಿಂದಕ್ಕೆ ವಾಲಿ, ಎಳೆಯಬೇಕಾದ ಚಕ್ರಗಳೇ ಹಗುರಾಗುತ್ತವೆ. ಮರಳು, ಕೆಸರು ಎಂದು ಬರೆದಿರುವ ಗುಂಡಿ ಒತ್ತಿದರೂ ಹಿಂದಿನ ಚಕ್ರಕ್ಕೆ ಶಕ್ತಿ ಹುಟ್ಟುವುದಿಲ್ಲ.

ವಿಟಾರ ಆಲ್‌ಗ್ರಿಪ್ ಬೇಕಾದಾಗ ಹಿಂದಿನ ಚಕ್ರಗಳಿಗೂ ಶಕ್ತಿ ಹರಿಸುತ್ತದೆ, ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚಿಟ್ಟು ಹಿಡಿಯುವ ಲಾಕ್ ಮೋಡ್ ಕೂಡ ಇದೆ. ಒದ್ದೆ ಹುಲ್ಲು, ತೆಳು ಕೆಸರಿಗೆ ಧಾರಾಳ ಸಾಕು. ಇಲ್ಲದಿರುವುದು ಲೋ ರೇಂಜ್, ಅಂದರೆ ತೀರಾ ನಿಧಾನಕ್ಕೆ, ಹೆಚ್ಚು ಬಲದಿಂದ ಸಾಗಲು ಇರುವ ಹೆಚ್ಚುವರಿ ಗೇರ್. ಕಡಿದಾದ ಜಾಗದಲ್ಲಿ ನಿಧಾನವಾಗಿ ಏರಲು ಮೊದಲ ಗೇರೂ ವೇಗವಾಗಿಯೇ ಇರುತ್ತದೆ. ಮ್ಯಾನುಯಲ್ ಗಾಡಿಯಾದರೆ ಕ್ಲಚ್ ಸುಟ್ಟ ವಾಸನೆ ಬೇಗ ಬರುತ್ತದೆ.

ಸ್ಕಾರ್ಪಿಯೊ-ಎನ್ ಫೋರ್ ಬೈ ಫೋರ್‌ನಲ್ಲಿ ಲೋ ರೇಂಜ್ ಇದೆ. ವೇಗ ಇಳಿದು ಚಕ್ರಕ್ಕೆ ತಿರುಗುಬಲ ಹೆಚ್ಚುತ್ತದೆ. ಹತ್ತುವುದಕ್ಕಿಂತಲೂ ಇಳಿಯುವಾಗ ಅದರ ಬೆಲೆ ಗೊತ್ತಾಗುವುದು: ಬ್ರೇಕ್ ತುಳಿದು ಚಕ್ರ ಕಚ್ಚಿಕೊಂಡರೆ ಜೇಡಿಮಣ್ಣಿನಲ್ಲಿ ಗಾಡಿ ಜಾರುಬಂಡೆ, ಲೋ ರೇಂಜ್‌ನಲ್ಲಿ ಎಂಜಿನ್ನೇ ಹಿಡಿದು ಇಳಿಸುತ್ತದೆ. ಹಿಂದೆ ಒಂದು ಚಕ್ರ ಸುಮ್ಮನೆ ತಿರುಗತೊಡಗಿದರೆ ಲಾಕ್ ಆಗಿ ಇನ್ನೊಂದಕ್ಕೂ ಶಕ್ತಿ ಕೊಡುವ ಡಿಫರೆನ್ಷಿಯಲ್ (ಎಡ, ಬಲ ಚಕ್ರಗಳಿಗೆ ಶಕ್ತಿ ಹಂಚುವ ಭಾಗ) ಕೂಡ ಇದೆ. ಆದರೆ ಈ ಫೋರ್ ಬೈ ಫೋರ್ ಡೀಸೆಲ್‌ನಲ್ಲಿ ಮಾತ್ರ. ಪೆಟ್ರೋಲ್ ಕೊಂಡು ಆಮೇಲೆ ಹಲುಬಬೇಡಿ.

ಇನ್ನೊಬ್ಬ ಸದಸ್ಯರು: ಥಾರ್ ರಾಕ್ಸ್ ಏಕೆ ಬೇಡ?

ತರಬೇತುದಾರ: ಬೇಡ ಎನ್ನಲಾರೆ. ಮೂಗು ತಗುಲದೆ ಏರು ಹಿಡಿಯಬಲ್ಲ ಅಪ್ರೋಚ್ ಕೋನ 41.7 ಡಿಗ್ರಿ, ಹಿಂಭಾಗ ತಗುಲದೆ ಇಳಿಜಾರು ಬಿಟ್ಟು ಬರಬಲ್ಲ ಡಿಪಾರ್ಚರ್ ಕೋನ 36.1, ಹಳ್ಳದಂಚಿಗೆ ಮೂಗು ಬಡಿಯುವುದಿಲ್ಲ. ಚಿಂತೆ ವ್ಹೀಲ್‌ಬೇಸ್‌ನದು (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ), 2850 ಮಿ.ಮೀ. ಇವರ ಏರಿನ ತುದಿಯಲ್ಲೇ ತಿರುವಿದೆ. ಉದ್ದದ ಗಾಡಿಗೆ ದಿಬ್ಬದ ನೆತ್ತಿಯಲ್ಲಿ ಹೊಟ್ಟೆ ತಗುಲುವ ಸಂಭವ ಹೆಚ್ಚು, ತಿರುಗಿಸಲೂ ಜಾಗ ಹೆಚ್ಚು ಬೇಕು. ಈ ಎರಡರಲ್ಲೂ 2590 ಮಿ.ಮೀ. ವ್ಹೀಲ್‌ಬೇಸ್‌ನ ಜಿಮ್ನಿಯೇ ಮೇಲು, ಲೋ ರೇಂಜೂ ಇದೆ. ಮನೆಮಂದಿ, ಸಾಮಾನು ಹಿಡಿಸುವುದಾದರೆ ನಾನು ಅದನ್ನೇ ಕೊಳ್ಳುತ್ತಿದ್ದೆ.

ಪ್ರಶ್ನೆ ಕೇಳಿದವರು: ನಾವು ಐದು ಜನ, ಅದು ಆಗದು. ಸ್ಕಾರ್ಪಿಯೊ ಕೊಂಡರೆ ಕಂಪನಿಯ ಟೈರ್ ಸಾಕೇ?

ತರಬೇತುದಾರ: ಹೈವೇ ಟೈರಿನ ಕಿರಿದಾದ ಸಂದುಗಳಲ್ಲಿ ಜೇಡಿ ತುಂಬಿಕೊಂಡರೆ ನಾಲ್ಕು ಚಕ್ರ ತಿರುಗಿದರೂ ಹಿಡಿತವಿಲ್ಲ. ಮೊದಲ ಮಳೆಗಾಲಕ್ಕೆ ಮುನ್ನವೇ ಅಗಲ ಸಂದುಗಳ ಆಲ್-ಟೆರೇನ್ ಟೈರ್ ಹಾಕಿಸಿ. ಟಾರಿನಲ್ಲಿ ಸದ್ದು ತುಸು ಹೆಚ್ಚು, ಸಹಿಸಿಕೊಳ್ಳಿ. ಒಣ ಟಾರು ರಸ್ತೆ ಸಿಕ್ಕ ಕೂಡಲೇ ಟೂ ವ್ಹೀಲ್‌ಗೆ ಹಾಕಿ. ಈ ಗಾಡಿಯಲ್ಲಿ ತಿರುವಿನಲ್ಲಿ ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಸೆಂಟರ್ ಡಿಫರೆನ್ಷಿಯಲ್ ಇಲ್ಲ, ಮರೆತು ಹಾಗೆಯೇ ತಿರುವು ಹಾಕುತ್ತಿದ್ದರೆ ಬಿಗಿತವೆಲ್ಲ ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಮೇಲೆ ಬೀಳುತ್ತದೆ.